ಎರಡನೇ ಗೇರು ಮತ್ತು ಒಂದು ತಂಬಿಗೆ ಮಜ್ಜಿಗೆ

ನಮ್ಮ ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ.

ಇದು ನನ್ನ ಮಾತಲ್ಲ. ಬೆಟಗೇರಿಯ ಆಟೋದವರೆಲ್ಲ ಸೇರಿ ಒಮ್ಮತದಿಂದ ಕೊಟ್ಟ ತೀರ್ಪು. ಇಬ್ಬರು ಆಟೋದವರು ಒಂದು ಬಾಡಿಗೆಯ ವಿಷಯದಲ್ಲಿ ಒಪ್ಪದ ಊರಿನಲ್ಲಿ ಇಂಥ ಒಮ್ಮತಕ್ಕೆ ಬೆಲೆ ಕೊಡದಿರಲು ಆಗುತ್ತದೆಯೇ? ಅಕ್ಕ ಕಾರು ತೆಗೆದುಕೊಂಡು ಬಜಾರದ ರಸ್ತೆಗೆ ಬಂದಳೆಂದರೆ ಹಿಂದೆ ಒಂದು ಮೆರವಣಿಗೆಯೇ ಸೇರುತ್ತದೆ. ಸೀರೆಯ ಗಂಟು ಹೊತ್ತ ಸೈಕಲ್ಲುಗಳು ಅವಳನ್ನು ದಾಟಿ ಹೋಗುತ್ತವೆ. ಎಮ್ಮೆಗಳು ಹೋಗುತ್ತವೆ. ಒಮ್ಮೆ ಒಬ್ಬ ಆಟೋದವನು ಪಕ್ಕಕ್ಕೆ ಬಂದು, ಕತ್ತು ಹೊರಗೆ ಹಾಕಿ ಕೇಳಿದ:

“ಅಕ್ಕಾರ, ಹೊಸದಾಗಿ ಕಲ್ಯಾಕತ್ತೀರೇನ್ರಿ?”

“ಹೂನಪಾ. ಇನ್ನೂ ಬಂದಿಲ್ಲ.”

“ಮನ್ಯಾಗ ಗಾಡಿ ಹೊಡ್ಯಾಕ ಗಂಡಸರು ಯಾರೂ ಇಲ್ಲೇನ್ರಿ?”

“ಅದಾರಪಾ. ಅವರಿಂದನ ತಡಾ ಆತು.”

ಆಟೋದವನಿಗೆ ಅರ್ಥವಾಗಲಿಲ್ಲ. ಹಾರ್ನ್ ಹೊಡೆದು ಹೋದ. ಹಿಂದಿನ ಸೀಟಿನಲ್ಲಿದ್ದ ನನಗೆ ಅರ್ಥವಾಯಿತು, ಆದರೆ ಹೊಡೆಯಲು ಹಾರ್ನ್ ಇರಲಿಲ್ಲ.

ಏಕೆಂದರೆ ಹೀಗೆ ಎಮ್ಮೆಗಳಿಗೆ ದಾರಿ ಬಿಟ್ಟುಕೊಡುವ ಈ ಹೆಂಗಸು ಒಂದು ಕಾಲಕ್ಕೆ ಕಾರ್ ರೇಸಿನವಳು. ಗದಗು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಈ ನಾಲ್ಕೂ ಕಡೆ ಮಣ್ಣಿನ ಮೇಲೆ ಅವಳಿಗಿಂತ ವೇಗವಾಗಿ ಗಾಡಿ ಓಡಿಸಿದ ಗಂಡಸನ್ನು ನಾನು ನೋಡಿಲ್ಲ. ಅಕ್ಕ ಎಂದರೆ ನನ್ನ ದೊಡ್ಡಪ್ಪನ ಮಗಳು. ಹೆಸರು ಬರೆದರೆ ನನ್ನ ಕಾಲ ಮೇಲೆ ಗಾಡಿ ಹತ್ತಿಸುವುದಾಗಿ ಹೇಳಿದ್ದಾಳೆ, ಅದೂ ರಿವರ್ಸಿನಲ್ಲಿ. ಆದ್ದರಿಂದ ಅಕ್ಕ ಎಂದಷ್ಟೇ ಬರೆಯುತ್ತೇನೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂದು ಅನುಮಾನಿಸುವುದನ್ನು ಅಲ್ಲಿ ಕಲಿಸಿದರು. ಮೇಜಿನಿಂದ ಶುರುವಾದ ಆ ರೋಗ ಈಗ ನೆನಪಿಗೂ ಹಬ್ಬಿದೆ. ಮುಂದೆ ಹೇಳುವುದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಮನೆಯವರು ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಹೇಳಿ ನನ್ನ ತಲೆಯಲ್ಲಿ ಕೂರಿಸಿದ್ದೆಷ್ಟು, ಗೊತ್ತಿಲ್ಲ. ಅಕ್ಕನನ್ನೇ ಕೇಳಿದೆ. “ಬರಿಲೇ, ನೀ ಬರಿಯೂದನ್ನ ಹೆಂಗಿದ್ರೂ ಯಾರೂ ನಂಬೂದಿಲ್ಲ” ಎಂದು ಆಶೀರ್ವಾದ ಮಾಡಿದಳು.

ನಮ್ಮದು ಗಾಡಿಯ ಮನೆತನ. ಯಳವತ್ತಿಯ ಹೊಲ ಬಿಟ್ಟು ಬಂದ ಅಜ್ಜ ಮೊದಲು ಯಾರದೋ ಜೀಪಿಗೆ ಚಾಲಕನಾಗಿದ್ದ. ಆಮೇಲೆ ಬೆಟಗೇರಿಯಲ್ಲಿ ಗ್ಯಾರೇಜು ಹಾಕಿದ, ಆಮೇಲೆ ರೇಸಿಗೆ ಬಿದ್ದ. ಅವನ ಹಿಂದೆ ದೊಡ್ಡಪ್ಪ ರೇಸಿಗೆ ಬಿದ್ದ. ನನ್ನಪ್ಪ ಮಾತ್ರ ಜೀವನವಿಡೀ ಬಸ್ಸಿನಲ್ಲಿ ಓಡಾಡಿದ. ಆ ಕಾರಣಕ್ಕೆ ಅವನ ಹೆಸರನ್ನು ಮನೆಯಲ್ಲಿ ಒಂದು ನಿಟ್ಟುಸಿರಿನೊಂದಿಗೆ ಹೇಳುತ್ತಿದ್ದರು. ನನಗಂತೂ ಯಾವ ವಾಹನ ಹತ್ತಿದರೂ ವಾಂತಿ. ನನ್ನ ಹೆಸರನ್ನು ಹೇಳುತ್ತಲೇ ಇರಲಿಲ್ಲ.

ಈ ಮನೆತನಕ್ಕೆ ಅಜ್ಜ ಒಂದು ಪರೀಕ್ಷೆ ಇಟ್ಟಿದ್ದ. ಚಾಲಕನಾಗಬೇಕೆನ್ನುವವನು ಲಕ್ಷ್ಮೇಶ್ವರ ದಾಟಿ ಬಾಳೆಹೊಸೂರಿನ ಮಠದವರೆಗೆ ಮನೆಯ ಗಾಡಿ ಓಡಿಸಬೇಕು. ಆಗ ಅದು ಗಾಡಿಗಿಂತ ಹೆಚ್ಚು ಎತ್ತು ನಡೆದ ದಾರಿ. ಎಡಗಡೆಯ ಸೀಟಿನಲ್ಲಿ ಮನೆಯ ಹಿರಿಯ ಕೂರುತ್ತಾನೆ, ಅವನ ತೊಡೆಯ ಮೇಲೆ ಕಂಠದವರೆಗೆ ತುಂಬಿದ ಒಂದು ಹಿತ್ತಾಳೆ ತಂಬಿಗೆ ಮಜ್ಜಿಗೆ. ಚೆಲ್ಲಬಾರದು. ಮಠದ ಕಟ್ಟೆಯ ಮೇಲೆ ತಂಬಿಗೆ ಇಳಿಸಿ, ಹಿರಿಯ ತನ್ನ ಧೋತರ ನೋಡಿಕೊಂಡು ತೀರ್ಪು ಹೇಳುತ್ತಾನೆ. ಪಾಸಾದವನ ಕೈಗೆ ಚಾವಿ, ತಂಬಿಗೆಯಲ್ಲಿ ಉಳಿದ ಮಜ್ಜಿಗೆಯೂ ಅವನಿಗೇ. ನೀರೇಕಲ್ಲ ಎಂದು ಯಾರೋ ಕೇಳಿದ್ದಕ್ಕೆ ಅಜ್ಜ, “ನೀರು ಚೆಲ್ಲಿದ್ರ ಒಣಗಿ ಮಾಯ ಆಗತೈತಿ. ಮಜ್ಜಿಗಿ ಚೆಲ್ಲಿದ್ರ ಧೋತರ ಮನೀತನಕ ಬಂದು ಸಾಕ್ಷಿ ಹೇಳತೈತಿ” ಅಂದಿದ್ದನಂತೆ.

ದೊಡ್ಡಪ್ಪ ಒಂದು ಹನಿ ಚೆಲ್ಲದೆ ಪಾಸಾದನೆಂದು ದೊಡ್ಡಪ್ಪ ಹೇಳುತ್ತಾನೆ. ಸಾಕ್ಷಿ ಹೇಳಬೇಕಾದ ಅಜ್ಜನೂ ಇಲ್ಲ, ಧೋತರವೂ ಇಲ್ಲ. ನನ್ನ ರೋಗ ನಿಮಗೆ ಗೊತ್ತಲ್ಲ, ಹೆಚ್ಚು ಹೇಳುವುದಿಲ್ಲ.

ಅಕ್ಕನಿಗೆ ಒಂದೇ ಆಸೆ ಇತ್ತು. ಕಪ್ಪು, ಪದಕ, ಪೇಪರಿನಲ್ಲಿ ಫೋಟೋ ಇವೆಲ್ಲ ಆಮೇಲಿನವು. ಅಪ್ಪ ಆ ತಂಬಿಗೆ ಹಿಡಿದು ತನ್ನ ಎಡಕ್ಕೆ ಒಮ್ಮೆ ಕೂರಬೇಕು. ಅಷ್ಟೇ.

ಅವಳು ಓಡಿಸಲು ಕಲಿತದ್ದು ಗ್ಯಾರೇಜಿನಲ್ಲಿ. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ ರಿಪೇರಿಗೆ ಒಳಗೆ ಹೋದ ಗಾಡಿ ತಿರುಗುವಂತಿಲ್ಲ, ಹಿಂದೆ ಹಿಂದೆಯೇ ಹೊರಗೆ ಬರಬೇಕು. ದೊಡ್ಡಪ್ಪನ ಕೈಗೆ ಸದಾ ಗ್ರೀಸು, ಅವನ ಮಗ ಅಣ್ಣನಿಗೆ ಬೆಳಿಗ್ಗೆ ಸದಾ ನಿದ್ದೆ. ಹಾಗಾಗಿ ಶಾಲೆಗೆ ಹೋಗುವ ಮೊದಲು ಊರಿನವರ ಗಾಡಿಗಳನ್ನೆಲ್ಲ ರಿವರ್ಸಿನಲ್ಲಿ ರಸ್ತೆಗೆ ತಂದು ನಿಲ್ಲಿಸುವುದು ಅಕ್ಕನ ಕೆಲಸವಾಯಿತು. ಎರಡೂ ಕಡೆ ಗೋಡೆಗೂ ಗಾಡಿಗೂ ನಡುವೆ ಒಂದು ಅಂಗೈ ಜಾಗ! ಕನ್ನಡಿ ಕೂಡ ನೋಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಗಳಿಗೆ ಹಿಂದಕ್ಕೆ ಓಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮುಂದಕ್ಕೆ ಓಡಿಸುವ ಅಪ್ಪಣೆ ಮಾತ್ರ ಬಹಳ ತಡವಾಗಿ ಬಂತು.

ಬಂದದ್ದೂ ಹೇಗೆ? ಅಣ್ಣ ಪ್ರಾಯಕ್ಕೆ ಬಂದಾಗ ದೊಡ್ಡಪ್ಪ ಅವನನ್ನು ಬಾಳೆಹೊಸೂರಿಗೆ ಕರೆದುಕೊಂಡು ಹೊರಟ. ಬೆಳಿಗ್ಗೆ ಅಕ್ಕನೇ ಮೊಸರು ಕಡೆದು ತಂಬಿಗೆ ತುಂಬಿದಳು. ಗಾಡಿ ಹತ್ತುವ ಹೊತ್ತಿನಲ್ಲಿ ಕೇಳಿದಳು: “ಅಪ್ಪಾ, ನನ್ನ ಪಾಳಿ ಯಾವಾಗ?”

“ನಿನಗ್ಯಾಕವಾ ಇದೆಲ್ಲಾ? ನೀ ಮಜ್ಜಿಗಿ ಚಲೋ ಕಡದೀದಿ. ಆತಲ್ಲ.”

ಮಧ್ಯಾಹ್ನ ವಾಪಸು ಬಂದಾಗ ದೊಡ್ಡಪ್ಪ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆಯಾಗಿದ್ದ. ಹುಳಿ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಹಿಂದೆ ಬಂದಿದ್ದವು. (ಬೆಕ್ಕುಗಳು ನಿಜವಾಗಿ ಬಂದಿದ್ದವೋ, ನಾನೇ ಆಮೇಲೆ ಕರೆತಂದೆನೋ!) ಬಾಗಿಲಲ್ಲಿ ನಿಂತ ದೊಡ್ಡವ್ವ ಗಂಡನ ಧೋತರವನ್ನು ಒಮ್ಮೆ, ಮಗನ ಮುಖವನ್ನು ಒಮ್ಮೆ ನೋಡಿ, “ಏನ್ರೀ, ಫೇಲ್ ಆದ್ನೇನು?” ಎಂದಳು.

ದೊಡ್ಡಪ್ಪ ಗಂಭೀರವಾಗಿ ತೀರ್ಪು ಕೊಟ್ಟ: “ಆತಂದೇನೂ ತಪ್ಪಿಲ್ಲ. ಮಜ್ಜಿಗಿ ತಿಳುವಾಗಿತ್ತು.”

ಚಾವಿ ಅಣ್ಣನ ಕೈಗೆ ಹೋಯಿತು. ಬೈಗುಳ ಮಜ್ಜಿಗೆ ಕಡೆದವಳ ಪಾಲಿಗೆ ಬಂತು. ಮುಂದೆ ಅಣ್ಣನಿಗೆಂದು ಹೊಸ ಗಾಡಿಯೂ ಬಂತು. ಅಜ್ಜನ ಕಾಲದ ಹಳೆಯ ಗಾಡಿ ಮೂಲೆಗೆ ಬಿತ್ತು, ಅದನ್ನು ಬೇಕಾದರೆ ಅಕ್ಕ ಓಡಿಸಬಹುದು ಎಂದಾಯಿತು. ಉದಾರ ಮನಸ್ಸು ನೋಡಿ!

ಆ ಹಳೆಯ ಗಾಡಿಗೆ ಒಂದು ಚಾಳಿ. ಎರಡನೇ ಗೇರಿಗೆ ಹಾಕಿ ಕೈಬಿಟ್ಟರೆ ಟಕ್ ಎಂದು ಜಾರಿ ಹೊರಗೆ ಬಂದುಬಿಡುತ್ತದೆ. ಎಡಗೈಯಲ್ಲಿ ಗೇರಿನ ಕಡ್ಡಿಯನ್ನು ಒತ್ತಿ ಹಿಡಿದುಕೊಂಡೇ ಇರಬೇಕು. ಮಣ್ಣಿನ ರೇಸು ಎಂದರೆ ಮುಕ್ಕಾಲು ಪಾಲು ಎರಡನೇ ಗೇರಿನದೇ ಆಟ. ಊರಿನವರ ಗೇರ್‌ಬಾಕ್ಸುಗಳನ್ನೆಲ್ಲ ಬಿಚ್ಚಿ ಜೋಡಿಸುವ ಗ್ಯಾರೇಜಿನಲ್ಲಿ ಆ ಒಂದು ಗೇರ್‌ಬಾಕ್ಸಿಗೆ ಮಾತ್ರ ಪುರುಸೊತ್ತು ಸಿಗಲಿಲ್ಲ. “ಮುಂದಿನ ವಾರ ನೋಡೂಣು” ಎಂದು ದೊಡ್ಡಪ್ಪ ಹೇಳಿದ ಆ ಮುಂದಿನ ವಾರ ಇನ್ನೂ ಮುಂದಿದೆ. ಅಕ್ಕ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಲು ಕಲಿತಳು. ಅವಳ ಬಲತೋಳು ನೋಡಿದರೆ ನಿಮಗೆ ಭಯವಾಗುತ್ತದೆ.

ಎಡಗೈಯಂತೂ ಗೇರಿಗೇ ಹುಟ್ಟಿದಂತಾಯಿತು. ಕುರ್ಚಿಯ ಮೇಲೆ ಕೂತರೂ ಅದು ಪಕ್ಕದಲ್ಲಿ ಏನನ್ನೋ ಹಿಡಿದು ಒತ್ತುತ್ತಿರುತ್ತದೆ. ಮದುವೆಯ ಪಂಕ್ತಿಯಲ್ಲಿ ಅವಳ ಎಡಕ್ಕೆ ಕೂತವರ ಮಂಡಿ ಹಣ್ಣಾಗುತ್ತದೆ. ಯಾರಾದರೂ ಉದ್ದನೆಯ ಭಾಷಣ ಶುರು ಮಾಡಿದರೆ ಅವಳು ಗೇರು ಇಳಿಸುವುದನ್ನು ನಾನು ನನ್ನ ಮಂಡಿಯ ಮೇಲೆಯೇ ಅನುಭವಿಸಿದ್ದೇನೆ. ಮನುಷ್ಯರನ್ನೂ ಹಾಗೆಯೇ ಅಳೆಯುತ್ತಾಳೆ. “ಆ ಮಾಸ್ತರು ಚಲೋ, ಆದ್ರ ನ್ಯೂಟ್ರಲ್ಲಿನ್ಯಾಗ ಇರ್ತಾರ.” ನಾನು? “ನೀ ಬಿಡಲೇ, ನೀ ಕ್ಲಚ್ ಒತ್ತಿಕೊಂಡ ಹುಟ್ಟೀದಿ. ಇಂಜಿನ್ ಬಡಕೊಳ್ಳೂದ ಬಡಕೊಳ್ಳೂದು, ಗಾಡಿ ಮುಂದ ಹೋಗೂದಿಲ್ಲ.” ಇಷ್ಟು ಕರಾರುವಾಕ್ಕಾದ ವಿಮರ್ಶೆ ನನಗೆ ವಿಶ್ವವಿದ್ಯಾಲಯದಲ್ಲೂ ಸಿಕ್ಕಿರಲಿಲ್ಲ.

ಮುಂಡರಗಿಯ ಹೊರಗಿನ ಬಯಲಿನ ರೇಸನ್ನು ಹೇಳಲೇಬೇಕು. ಬೆಳೆ ತೆಗೆದ ಎರೆಹೊಲದಲ್ಲಿ ಹಳೆಯ ಟಯರುಗಳನ್ನಿಟ್ಟು ಹಾದಿ ಮಾಡಿದ್ದರು. ಒಬ್ಬೊಬ್ಬರೇ ಓಡಿಸಬೇಕು, ಯಾರ ಹೊತ್ತು ಕಡಿಮೆಯೋ ಅವರು ಗೆದ್ದಂತೆ. ಪಂಚರ ಮೇಜಿನ ನಡುವೆ ಹಿರಿಯರೆಂದು ದೊಡ್ಡಪ್ಪನನ್ನೇ ಕೂರಿಸಿದ್ದರು. ಅಣ್ಣ ಹೊಸ ಗಾಡಿಯಲ್ಲಿ ಓಡಿಸಿ ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದ. ಹಲಗೆ ಬಾರಿಸಿದರು. ಕೊನೆಗೆ ಶಾಸ್ತ್ರಕ್ಕೆಂಬಂತೆ ಅಕ್ಕ ಹಳೆಯ ಗಾಡಿ ಇಳಿಸಿದಳು. ತಿರುವಿನಲ್ಲಿ ಧೂಳೆದ್ದದ್ದು ಕಂಡಿತು, ಧೂಳು ಇಳಿಯುವ ಹೊತ್ತಿಗೆ ಅವಳು ಆ ಕಡೆಯ ತುದಿಯಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದಳು.

ಗಡಿಯಾರ ಹಿಡಿದವನು ಗಡಿಯಾರ ನೋಡಿದ, ಅದನ್ನು ಕಿವಿಗೆ ಹಿಡಿದ, ದೊಡ್ಡಪ್ಪನ ಮುಖ ನೋಡಿದ. ಅಕ್ಕನ ಹೊತ್ತು ಅಣ್ಣನಿಗಿಂತ ಕಡಿಮೆ! ದೊಡ್ಡಪ್ಪ ಮೇಜಿನ ಮೇಲಿನ ಧೂಳು ಒರೆಸುತ್ತ ಹೇಳಿದ:

“ಗಡಿಯಾರ ಕೆಟ್ಟೈತಿ. ತಪಾಸ ಮಾಡ್ರಿ.”

ಸಂಶಯವನ್ನು ಶಾಸ್ತ್ರವಾಗಿ ಓದಿದವನು ಅಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ. ಅಂದು ಆ ಬಯಲಿನಲ್ಲಿ ಇದ್ದವರೆಲ್ಲ ನನಗಿಂತ ದೊಡ್ಡ ಸಂಶಯವಾದಿಗಳು! ಬೇರೆ ಗಡಿಯಾರ ತಂದರು. ಮತ್ತೊಮ್ಮೆ ಓಡಿಸು ಎಂದರು. ಅಕ್ಕ ಹೆಲ್ಮೆಟ್ ಹಾಕಿಕೊಂಡು ಮತ್ತೊಮ್ಮೆ ಓಡಿಸಿದಳು. ಏನು ಹೇಳಲಿ, ಎರಡನೇ ಗಡಿಯಾರವೂ ಅವಳ ಪಕ್ಷ ಸೇರಿಕೊಂಡಿತ್ತು! ಈ ಸಲ ಇನ್ನೂ ಕಡಿಮೆ.

ಆಗ ಪಂಚರು ತಲೆ ಕೂಡಿಸಿ ಮಾತಾಡಿದರು. ಹೆಣ್ಣುಮಗಳ ಮೈ ಹಗುರ, ಗಾಡಿಗೆ ಭಾರ ಕಡಿಮೆ, ಆದ್ದರಿಂದ ಗಂಡಸರ ಜೊತೆ ಹೋಲಿಸುವುದು ನ್ಯಾಯವಲ್ಲ ಎಂದು ಒಂದು ಮಹಿಳಾ ವಿಭಾಗವನ್ನು ಅಲ್ಲಿಯೇ ಹುಟ್ಟಿಸಿದರು. ಆ ವಿಭಾಗದಲ್ಲಿ ಅಕ್ಕ ಒಬ್ಬಳೇ. ಮೊದಲನೆಯವಳೂ ಅವಳೇ, ಕೊನೆಯವಳೂ ಅವಳೇ. ಅಣ್ಣನಿಗೆ ಮೊಣಕಾಲೆತ್ತರದ ಕಪ್ಪು. ಅಕ್ಕನಿಗೆ ಒಂದು ಪ್ರೆಶರ್ ಕುಕ್ಕರ್.

ಅದು ಮೊದಲ ಕುಕ್ಕರ್. ಆಮೇಲೆ ಅವಳು ದೂರದ ಊರುಗಳಿಗೂ ಹೋದಳು. ಹೋದಲ್ಲೆಲ್ಲ ಮಹಿಳಾ ವಿಭಾಗ, ಗೆದ್ದಲ್ಲೆಲ್ಲ ಕುಕ್ಕರ್. ದೊಡ್ಡವ್ವನ ಅಡುಗೆಮನೆಯ ಗೋಡೆಯ ನಾಗಂದಿಗೆಯ ಮೇಲೆ ಅವು ಸಾಲಾಗಿ ನಿಂತವು. ನಮ್ಮ ಬಳಗದಲ್ಲಿ ಯಾರ ಮದುವೆಯಾದರೂ ಅಕ್ಕನದು ಅದೇ ಉಡುಗೊರೆ. ನನ್ನ ಮನೆಯಲ್ಲಿ ಅನ್ನ ಆಗುವುದು ಈಗಲೂ ಕಾಫಿತೋಟಗಳ ಸೀಮೆಯ ಒಂದು ಭಯಂಕರ ತಿರುವನ್ನು ಗೆದ್ದುಬಂದ ಕುಕ್ಕರಿನಲ್ಲಿ. ಅದು ಸೀಟಿ ಹೊಡೆದಾಗ ನನಗೆ ಏಕೋ ಒಂಥರಾ ಆಗುತ್ತದೆ. ಹೆಂಡತಿ ಅನ್ನ ಆಯಿತು ಎನ್ನುತ್ತಾಳೆ.

ಒಂದು ಸಾಬೂನಿನ ಕಂಪನಿ ಬಂದದ್ದು ಆ ದಿನಗಳಲ್ಲೇ. ಜಾಹೀರಾತಿಗೆ ರೇಸಿನ ಹುಡುಗಿ ಬೇಕಿತ್ತಂತೆ. ಇನ್ನು ಕಷ್ಟ ಮುಗಿಯಿತು, ಹೊಸ ಗಾಡಿ ಬರುತ್ತದೆ, ಕಡೆಗೆ ಎರಡನೇ ಗೇರಾದರೂ ನೆಟ್ಟಗಾಗುತ್ತದೆ ಎಂದು ನಾವೆಲ್ಲ ಕುಣಿದೆವು. ಬಂದವರು ಅಕ್ಕನಿಗೆ ರೇಷ್ಮೆ ಸೀರೆ ಉಡಿಸಿ, ಬಾನೆಟ್ಟಿನ ಮೇಲೆ ಕೂರು ಎಂದರು.

“ಈಗ ಓಡಿಸಿ ತಂದೀನ್ರಿ. ಬಾನೆಟ್ ಸುಡತೈತ್ರಿ.”

“ಸ್ವಲ್ಪ ನಗಿ ಮೇಡಂ.”

“ಸುಡಾಕತ್ರ ಹೆಂಗ ನಗೂದ್ರಿ?”

ಹೆಲ್ಮೆಟ್ ಹಾಕಿಕೊಂಡರೆ ಮುಖ ಕಾಣುವುದಿಲ್ಲ, ಕಂಕುಳಲ್ಲಿ ಇಟ್ಟುಕೋ ಎಂದರು. ಇನ್ನು ಗಾಡಿ ಜಿಗಿದು ಬರುವ ದೃಶ್ಯ. ಹುಡುಗಿಗೆ ಏನಾದರೂ ಆದರೆ ಯಾರು ಹೊಣೆ? ಆ ದೃಶ್ಯಕ್ಕೆ ಅಣ್ಣನನ್ನು ಕೂರಿಸಿದರು. ಜಾಹೀರಾತು ಬಂದಾಗ ಓಣಿಯವರೆಲ್ಲ ಟೀವಿಯ ಮುಂದೆ ಕೂತೆವು. ಧೂಳೆಬ್ಬಿಸಿ ಬಂದ ಗಾಡಿಯಲ್ಲಿ ಹೆಲ್ಮೆಟ್ ಅಕ್ಕನದು, ಒಳಗಿನ ತಲೆ ಅಣ್ಣನದು! ತಿರುವಿನಲ್ಲಿ ಹಿಂಚಕ್ರ ಜಾರಿದ್ದು ನೋಡಿ ಅಕ್ಕ ಎದ್ದು ಹೋದಳು. ಅವಮಾನವಾಯಿತೇನೋ ಎಂದು ಹಿಂದೆ ಹೋದೆ. “ಅಂವಾ ಬ್ರೇಕ್ ಹೊಡದದ್ದು ನೋಡಿದೇನ್ಲೇ? ಊರ ಮಂದಿ ಅದನ್ನ ನಂದು ಅಂತ ತಿಳ್ಕೋತಾರ!” ಎಂದು ಹಲ್ಲು ಕಚ್ಚುತ್ತಿದ್ದಳು.

ನಡುವೆ ಅವಳನ್ನು ನೋಡಲು ಶಿರಹಟ್ಟಿಯಿಂದ ಒಂದು ವರ ಬಂತು. ವರನ ತಾಯಿ ಅವಲಕ್ಕಿ ತಿನ್ನುತ್ತ, “ಅಡಿಗಿ ಎಲ್ಲಾ ಬರತೈತೇನವಾ?” ಎಂದು ಕೇಳಿದರು. ಅಕ್ಕ ನಾಗಂದಿಗೆಯ ಕಡೆ ಕೈ ತೋರಿಸಿದಳು. ಅಷ್ಟು ಕುಕ್ಕರುಗಳನ್ನು ಒಟ್ಟಿಗೆ ಕಂಡ ಆ ತಾಯಿ ಬಹಳ ಸಂತೋಷಪಟ್ಟರು! ವರ ತನ್ನ ಹೊಸ ಕಾರಿನಲ್ಲಿ ಅವಳನ್ನು ಒಂದು ಸುತ್ತು ಕರೆದುಕೊಂಡು ಹೋದ. ರೇಸಿನವಳ ಮುಂದೆ ಗಂಡಸುತನ ತೋರಿಸಬೇಡವೇ? ಹುಬ್ಬು ತಗ್ಗು ನೋಡದೆ ಹಾರಿಸಿದ. ಅಕ್ಕ ಊರ ಹೊರಗೆ ಗಾಡಿ ನಿಲ್ಲಿಸಲು ಹೇಳಿ ಇಳಿದಳು. “ನೀವು ಚಲೋ ಮನಷ್ಯಾರದೀರಿ. ಆದ್ರ ನಿಮ್ಮ ಕ್ಲಚ್ ಪ್ಲೇಟ್ ಭಾಳ ದಿನ ಬಾಳೂದಿಲ್ಲ” ಎಂದು ಹೇಳಿ ಬಸ್ಸು ಹತ್ತಿ ಮನೆಗೆ ಬಂದಳು. ಹುಡುಗಿ ಭಾಳ ಸ್ಪೀಡು ಎಂದು ಆ ಕಡೆಯಿಂದ ಖಬರ ಬಂತು. ಸ್ವಲ್ಪ ದಿನಕ್ಕೆ ಅದೇ ಕಾರು ಸುಟ್ಟ ಕ್ಲಚ್ ಪ್ಲೇಟಿನೊಂದಿಗೆ ನಮ್ಮ ಗ್ಯಾರೇಜಿಗೇ ಬಂತು. ರಿಪೇರಿಯಾದ ಮೇಲೆ ಅದನ್ನು ರಿವರ್ಸಿನಲ್ಲಿ ಹೊರಗೆ ತಂದು ನಿಲ್ಲಿಸಿದವಳು ಯಾರೆಂದು ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ನಕ್ಕಿದ್ದರೆ ಒಳ್ಳೆಯದು, ಮುಂದಿನದಕ್ಕೆ ನಗು ಬರುವುದಿಲ್ಲ. ಕೊಯಮತ್ತೂರಿನ ಕಡೆಯ ಒಂದು ದೊಡ್ಡ ತಂಡದವರು ಅಕ್ಕನ ಓಟ ಎಲ್ಲಿಯೋ ನೋಡಿ ಗ್ಯಾರೇಜಿಗೆ ಫೋನ್ ಮಾಡಿದ್ದರು. ಅವರದೇ ಗಾಡಿ, ಅವರದೇ ಮೆಕ್ಯಾನಿಕ್ಕುಗಳು, ಮಹಿಳಾ ವಿಭಾಗ ಇಲ್ಲ, ಕುಕ್ಕರ್ ಇಲ್ಲ. ಫೋನ್ ಎತ್ತಿದವನು ದೊಡ್ಡಪ್ಪ. ಈ ಸಂಗತಿಯನ್ನು ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವನಿಗೆ ಅನ್ನಿಸಲೇ ಇಲ್ಲ. ಮಧ್ಯಾಹ್ನದ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಖುಷಿಯಿಂದ ಹೇಳಿದ: “ಯಾರೋ ಕೊಯಮತ್ತೂರಿನವರು ಫೋನ್ ಮಾಡಿದ್ರು. ಡ್ರೈವರ್ ಬೇಕಂತ. ನಿಮ್ಮ ಮಗಳು ಅಂದ್ರು. ಮಗಳಲ್ಲರಿ, ನಮ್ಮ ಮನ್ಯಾಗ ಗಾಡಿ ಹೊಡ್ಯಾಂವ ಮಗಾ, ಆತನ ನಂಬರ್ ಬರ್ಕೋರಿ ಅಂತ ಹೇಳೀನಿ.”

ಅಕ್ಕ ಊಟ ಮಾಡುತ್ತಿದ್ದಳು. ಅವಳ ಎಡಕ್ಕೆ ನಾನಿದ್ದೆ. ಅವಳ ಎಡಗೈ ನನ್ನ ಮಂಡಿಯ ಮೇಲೆ ಎರಡನೇ ಗೇರಿನಲ್ಲಿತ್ತು, ನಿಧಾನಕ್ಕೆ ಜಾರಿ ಚಾಪೆಯ ಮೇಲೆ ಬಿತ್ತು. ಅವಳು ಏನೂ ಅನ್ನಲಿಲ್ಲವೆಂದು ನನ್ನ ನೆನಪು. “ಪಲ್ಯಾ ಹಾಕವಾ” ಎಂದಳೆಂದು ದೊಡ್ಡವ್ವನ ನೆನಪು. ಎರಡರಲ್ಲಿ ಯಾವುದು ಹೆಚ್ಚು ಸಂಕಟದ್ದು ಎಂದು ನನಗಿನ್ನೂ ತೀರ್ಮಾನಿಸಲು ಆಗಿಲ್ಲ.

ಕೊಯಮತ್ತೂರಿನವರು ಅಣ್ಣನಿಗೆ ಫೋನ್ ಮಾಡಲಿಲ್ಲ. ಅಣ್ಣ ಒಂದು ರೇಸಿನಲ್ಲಿ ಹೊಸ ಗಾಡಿಯನ್ನು ಬೇವಿನ ಮರಕ್ಕೆ ಕೊಟ್ಟು, ಹೆಗಲು ಮುರಿದುಕೊಂಡು, ಈಗ ಮುಂಡರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಮನುಷ್ಯ. ಅಂಗಡಿಯಲ್ಲಿ ಸುಖವಾಗಿದ್ದಾನೆ. ಬಹುಶಃ ಮೊದಲಿನಿಂದಲೂ ಅವನಿಗೆ ಬೇಕಾದದ್ದು ಗೊಬ್ಬರದ ಅಂಗಡಿಯೇ ಆಗಿತ್ತು, ಪಾಪ, ಅವನನ್ನೂ ಯಾರೂ ಕೇಳಲಿಲ್ಲ. ಅಕ್ಕ ಗ್ಯಾರೇಜಿನ ಪಕ್ಕ ಹೆಂಗಸರಿಗೆ ಕಾರು ಕಲಿಸುವ ಶಾಲೆ ತೆರೆದಳು. ಅವಳ ಮೊದಲ ಪಾಠ ನಿಧಾನ. “ಜೋರ್ ಹೊಡ್ಯಾಕ ಯಾರಿಗಾದ್ರೂ ಬರತೈತಿ. ಸಾವಕಾಶ ಹೋಗ್ರಿ, ರಸ್ತೆದಾಗ ಯಾರೂ ಗಡಿಯಾರ ಹಿಡಕೊಂಡು ನಿಂತಿಲ್ಲ” ಎನ್ನುತ್ತಾಳೆ. ಅದಕ್ಕೇ ಆ ಎಮ್ಮೆಗಳು, ಆ ಆಟೋಗಳು, ಆ ಒಮ್ಮತದ ತೀರ್ಪು.

ದೊಡ್ಡಪ್ಪನಿಗೆ ಈಗ ಕೈನಡುಕ. ನಟ್ಟು ಬಿಚ್ಚುವ ಪಾನಾ ಹಿಡಿಯಲು ಆಗುವುದಿಲ್ಲ, ಚಹದ ಕಪ್ಪು ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಗೆ. ಗ್ಯಾರೇಜಿನ ಬಾಗಿಲಲ್ಲಿ ಬಾಕಿನ ಮೇಲೆ ಕೂತು, ಮಗಳು ಯಾರ್ಯಾರಿಗೋ ಗೇರು ಹಾಕಿಸುವುದನ್ನು ನೋಡುತ್ತಿರುತ್ತಾನೆ. ಎಷ್ಟು ದಿನ ನೋಡಿದನೋ. ಹೋದ ವರ್ಷ, ಶ್ರಾವಣದ ಒಂದು ಬೆಳಿಗ್ಗೆ (ಶ್ರಾವಣವೇ ಇರಬೇಕು, ಅಂಗಳ ಹಸಿ ಇತ್ತು) ನಾನು ಅಲ್ಲಿಗೆ ಹೋಗಿದ್ದಾಗ ಕರೆದ.

“ಲೇ, ಒಳಗ ಮಜ್ಜಿಗಿ ಐತೇನು ನೋಡು.”

“ಕುಡ್ಯಾಕೇನು ದೊಡ್ಡಪ್ಪಾ?”

“ಕುಡ್ಯಾಕಲ್ಲ. ತಂಬಿಗಿ ತುಂಬ ಬೇಕು.”

ದೊಡ್ಡವ್ವ ಆ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮೊಸರಿಗೆ ನೀರು ಹಾಕಿದಳೋ ಇಲ್ಲವೋ ಎಂಬಂತೆ ಕಡೆದಳು. ಸೌಟು ನೆಟ್ಟರೆ ನಿಲ್ಲುವಷ್ಟು ದಪ್ಪ! ಮುಚ್ಚಳ ಒತ್ತುತ್ತ ನನ್ನ ಕಿವಿಯಲ್ಲಿ, “ಈ ಸಲ ತಿಳು ಅನ್ನಲಿ, ನೋಡೂಣು” ಎಂದಳು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. “ಎಲ್ಲಿಗಪ್ಪಾ?”

“ಬಾಳೆಹೊಸೂರಿಗೆ.”

“ಸಾಲಿ ಗಾಡಿ ತಗೊಂಡು ಬರ್ಲೇನು?”

“ಬ್ಯಾಡ. ಮನಿ ಗಾಡಿ ತಗಿ.”

“ಅದರ ಎರಡನೇ ಗೇರು...”

“ಗೊತ್ತೈತಿ. ಹಂಗ ಬಿಟ್ಟಾಂವ ನಾನ.”

ಲಕ್ಷ್ಮೇಶ್ವರ ದಾಟಿದ ಮೇಲೆ ಅಕ್ಕ ರಸ್ತೆಯ ಪಕ್ಕ ನಿಲ್ಲಿಸಿದಳು. ನಾನು ಹಿಂದಿನಿಂದ ಮುಚ್ಚಳ ತೆಗೆದು ತಂಬಿಗೆಯನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದ. ಹಿಡಿದದ್ದೇ ತಡ, ತಂಬಿಗೆ ಕುಣಿಯತೊಡಗಿತು. ಗಾಡಿ ಇನ್ನೂ ನಿಂತೇ ಇದೆ, ಧೋತರ ಆಗಲೇ ಒದ್ದೆ! ಅಕ್ಕ ನೇರ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಹೊರಟಳು. ಅಂಥ ಓಟವನ್ನು ನಾನು ರೇಸಿನಲ್ಲೂ ಕಂಡಿರಲಿಲ್ಲ. ತಗ್ಗುಗಳು ಎಲ್ಲಿ ಹೋದವು? ತಿರುವುಗಳು ಎಲ್ಲಿ ಹೋದವು? ಯಾವ ವಾಹನದಲ್ಲೂ ಸುಮ್ಮನಿರದ ನನ್ನ ಹೊಟ್ಟೆ ದೇವರ ಮನೆಯಲ್ಲಿ ಕೂತಂತೆ ಕೂತಿತ್ತು. ಆದರೂ ಮಜ್ಜಿಗೆ ಚೆಲ್ಲುತ್ತಿತ್ತು. ದೊಡ್ಡಪ್ಪ ತಂಬಿಗೆಯನ್ನು ಒತ್ತಿ ಹಿಡಿದಷ್ಟೂ ಚೆಲ್ಲುತ್ತಿತ್ತು. ಅವನು ರಸ್ತೆ ನೋಡಲಿಲ್ಲ, ಮಗಳನ್ನು ನೋಡಲಿಲ್ಲ, ತನ್ನ ಕೈಗಳನ್ನೇ ನೋಡುತ್ತಿದ್ದ, ಬೇರೆ ಯಾರದೋ ಕೈಗಳನ್ನು ನೋಡುವಂತೆ.

ಆಗ ಟಕ್ ಎಂದು ಸದ್ದಾಯಿತು. ಎರಡನೇ ಗೇರು ಜಾರಿತ್ತು. ಅಕ್ಕ ಕೈ ಬಿಟ್ಟಿದ್ದಳು! ಗಾಡಿ ನಿಧಾನವಾಯಿತು. ಅವಳು ಒಂದನೇ ಗೇರಿಗೆ ಹಾಕಿದಳು, ಆ ಗೇರು ಜಾರುವುದಿಲ್ಲ. ಆಮೇಲೆ ಎಡಗೈಯನ್ನು ಚಾಚಿ, ಮಜ್ಜಿಗೆಯಲ್ಲಿ ತೊಯ್ದ ಅಪ್ಪನ ಎರಡೂ ಕೈಗಳನ್ನು ಕೆಳಗಿನಿಂದ ಹಿಡಿದುಕೊಂಡಳು. ತಂಬಿಗೆ ನಿಂತಿತು.

ಹಾಗೆಯೇ ಹೋದೆವು. ಇಂಜಿನ್ ಗೋಳೋ ಎಂದು ಅಳುತ್ತಿತ್ತು. ಕುರಿ ಹಿಂಡು ನಮ್ಮನ್ನು ದಾಟಿತು. ಮೇವು ಹೇರಿಕೊಂಡ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು ಕನಿಕರದಿಂದ ಕೇಳಿದ: “ಅಕ್ಕಾರ, ಗಾಡಿ ತಳ್ಳಬೇಕೇನ್ರಿ?”

“ಬ್ಯಾಡಪಾ” ಎಂದಳು ಅಕ್ಕ. “ಭಾಳ ಜೋರ್ ಹೊಂಟೀವಿ.”

ಮಠದ ಕಟ್ಟೆಯ ಮೇಲೆ ತಂಬಿಗೆ ಇಳಿಸಿದ್ದಾಯಿತು. ದೊಡ್ಡಪ್ಪ ಅದರೊಳಗೆ ಇಣುಕಿದ. ತನ್ನ ಧೋತರ ನೋಡಿಕೊಂಡ. ಮೊಸರಿನ ಗಡ್ಡೆಗಳು ಇನ್ನೂ ಅದಕ್ಕೆ ಅಂಟಿಕೊಂಡಿದ್ದವು. ಆಮೇಲೆ ಹೇಳಿದ:

“ಮಜ್ಜಿಗಿ ತಿಳುವಾಗಿತ್ತು.”

ಅಕ್ಕ ಅಪ್ಪನ ಮುಖ ನೋಡಿದಳು. “ಹೂನಪ್ಪಾ. ಭಾಳ ತಿಳುವಾಗಿತ್ತು.”

ಅವನು ಚಾವಿಗೆ ಕೈ ನೀಡಿದ. ಅವಳು ಗಾಡಿಯ ಚಾವಿ ಅವನಿಗೆ ಕೊಟ್ಟಳು, ಅವನು ಅದನ್ನೇ ಅವಳಿಗೆ ತಿರುಗಿ ಕೊಟ್ಟ. ನಡುಗುವ ಕೈಯಿಂದ ಅದು ಅವಳ ಅಂಗೈ ಮುಟ್ಟಲು ಹೊತ್ತು ಹಿಡಿಯಿತು. ಉಳಿದ ಮಜ್ಜಿಗೆಯನ್ನು ಅಕ್ಕ ಅಲ್ಲಿಯೇ ನಿಂತು ಕುಡಿದಳು.

ಎಷ್ಟು ಉಳಿದಿತ್ತು ಎಂದು ನನ್ನನ್ನು ಕೇಳಬೇಡಿ. ಅರ್ಧ ಎಂದು ನಾನು ಹೇಳುತ್ತೇನೆ. ಅಕ್ಕ ಪೂರ್ತಿ ತುಂಬಿತ್ತು ಎನ್ನುತ್ತಾಳೆ. ದೊಡ್ಡಪ್ಪನನ್ನು ಕೇಳಿದರೆ ಯಾವ ಮಜ್ಜಿಗೆ ಎನ್ನುತ್ತಾನೆ. ನಾನು ಆಣೆ ಮಾಡಿ ಹೇಳಬಲ್ಲದ್ದು ಒಂದೇ. ತಿರುಗಿ ಬರುವಾಗ ತಂಬಿಗೆ ಬರಿದಾಗಿ ನನ್ನ ಮಡಿಲಲ್ಲಿತ್ತು, ಚೆಲ್ಲುವುದಕ್ಕೆ ಏನೂ ಇರಲಿಲ್ಲ. ಆದರೂ ಲಕ್ಷ್ಮೇಶ್ವರದವರೆಗೆ ನಾವು ಒಂದನೇ ಗೇರಿನಲ್ಲೇ ಬಂದೆವು.